ಕುರ್ಚಿಯಕ್ಕ ಹುಡುಕುತ್ತಿದ್ದ ಮುಖ

ನಮ್ಮ ಸಂಘದ ಪೂರ್ತಿ ಹೆಸರು ಹೇಳಲು ಹೊರಟರೆ ಕೈಯಲ್ಲಿರುವ ಚಹಾ ಆರಿಹೋಗುತ್ತದೆ. ಹವ್ಯಾಸಿ ಮತ್ತು ವೃತ್ತಿಪರ ಚಿತ್ರಕಲಾವಿದರ ಪ್ರಾಂತೀಯ ಸಂಘ ಎಂಬುದು ಅದರ ಸಂಕ್ಷಿಪ್ತ ರೂಪ. ವೃತ್ತಿಪರರು ಎಂದರೆ ಡ್ರಾಯಿಂಗ್ ಮೇಷ್ಟ್ರು ಒಬ್ಬರೇ. ಉಳಿದವರೆಲ್ಲ ಹವ್ಯಾಸಿಗಳು. ಹವ್ಯಾಸಿಗಳಲ್ಲೂ ಮೇಲು ಕೆಳಗು ಇದೆ. ಆ ಏಣಿಯ ಕಟ್ಟಕಡೆಯ ಮೆಟ್ಟಿಲಿನಲ್ಲಿ, ಅದೂ ಒಂಟಿ ಕಾಲಲ್ಲಿ ನಿಂತವನು ನಾನು. ವಿಮಾ ಕಚೇರಿಯಲ್ಲಿ ಕೆಲಸ. ಬಿಪಿ ಏರಿದಾಗ ಡಾಕ್ಟರು, "ಮನಸ್ಸಿಗೆ ಹಿತವಾಗೋ ಹವ್ಯಾಸ ಒಂದನ್ನ ಹಿಡ್ಕೊಳ್ಳಿ" ಎಂದರು. ಕುಂಚ ಹಿಡಿದೆ. ನನ್ನ ಬಿಪಿ ಇಳಿಯಿತು. ಚಿತ್ರ ನೋಡಿದವರ ಬಿಪಿ ಏರಿತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತಿಗೆ ಎದುರಾಡುವಂಥ ಚಿತ್ರವೊಂದನ್ನು ನಾನಿನ್ನೂ ಬರೆದಿರಲಿಲ್ಲ.

ಸಂಘದ ಕೋಣೆ ಇರುವುದು ಗ್ರಂಥಾಲಯದ ಮೇಲಿನ ಮಹಡಿಯಲ್ಲಿ. ಉತ್ತರಕ್ಕೆ ದೊಡ್ಡ ಕಿಟಕಿ, ಕಿಟಕಿಯ ಪಕ್ಕ ಹಲಗೆಯ ವೇದಿಕೆ, ಅದರ ಮೇಲೆ ಕೈಗಳಿರುವ ಒಂದು ಮರದ ಕುರ್ಚಿ. ಸುತ್ತ ನಮ್ಮ ಸ್ಟ್ಯಾಂಡುಗಳು. ನೆಲದ ಮೇಲೆ ಬಿದ್ದ ಬಣ್ಣ ನೋಡಿದರೆ ನಮ್ಮ ಕ್ಯಾನ್‌ವಾಸುಗಳಿಗಿಂತ ಅದೇ ಚೆನ್ನಾಗಿದೆ. ಹವಾ ಒಳ್ಳೆಯದಿದ್ದರೆ ಹೊರಗೆ ಹೋಗಿ ಮರ, ಸೇತುವೆ ಬರೆಯುತ್ತೇವೆ. ಕೆಲವು ಭಾನುವಾರ ಹಣ್ಣಿನ ಬುಟ್ಟಿ ಇಟ್ಟುಕೊಂಡು ಬರೆಯುತ್ತೇವೆ. ಚಹಾ ವಿರಾಮದ ನಂತರ ಬರೀ ಬುಟ್ಟಿ ಬರೆಯುತ್ತೇವೆ. ಆದರೆ ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನದ ಮುಖ್ಯ ಗೋಡೆ ಭಾವಚಿತ್ರಗಳಿಗೇ ಮೀಸಲು. ಆ ಭಾವಚಿತ್ರಗಳಲ್ಲಿ ಇರುತ್ತಿದ್ದವರು ಒಬ್ಬರೇ. ಅವರೇ ನಮ್ಮ ಕುರ್ಚಿಯಕ್ಕ.

ಗ್ರಂಥಾಲಯದ ಎದುರಿನ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಅಂಗಡಿ. ಅಂಗಡಿ ಎಂದರೆ ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಒಂದು ಬಲ್ಬು, ಗೋಡೆಯ ಮೊಳೆಗಳಲ್ಲಿ ನೂಲುಂಡೆಗಳು. ಹೊಸ ಬಟ್ಟೆ ಹೊಲಿಯುವುದಿಲ್ಲ. ಬಿಗಿಯಾದದ್ದನ್ನು ಸಡಿಲ ಮಾಡುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು, ಹರಿದದ್ದನ್ನು ಹರಿದೇ ಇಲ್ಲ ಅನ್ನಿಸುವಂತೆ ಮಾಡುವುದು, ಇಷ್ಟೇ ಕೆಲಸ. ನಮ್ಮ ಅಧ್ಯಕ್ಷರಾದ ಹಲ್ಲಿನ ಡಾಕ್ಟರರ ಕೋಟು ಕೊಡಲು ಒಂದು ಭಾನುವಾರ ಮೇಲೆ ಬಂದಿದ್ದರು. ಅಂದು ಮಾಡೆಲ್ ಆಗಿ ಕೂರಬೇಕಿದ್ದ ವಾಚ್‌ಮನ್ ಕುರ್ಚಿಯಲ್ಲಿ ನಿದ್ದೆ ಹೋಗಿ, ಗೊರಕೆ ಹೊಡೆದು, ಮೇಷ್ಟ್ರಿಂದ ಬೈಸಿಕೊಂಡು ಎದ್ದುಹೋಗಿದ್ದ. ಡಾಕ್ಟರು ಕೋಟು ಹಾಕಿ ನೋಡುವವರೆಗೆ ಅಕ್ಕ ಆ ಖಾಲಿ ಕುರ್ಚಿಯ ಅಂಚಿಗೆ ಕೂತರು. ಮೇಷ್ಟ್ರು ಅವರನ್ನು ನೋಡಿ, "ಅಮ್ಮಾ! ಹಾಗೇ ಇರಿ!" ಎಂದು ಕೂಗಿದರು. ಅಕ್ಕ ಹಾಗೇ ಇದ್ದರು. ಬಹಳ ಹೊತ್ತಿನ ಮೇಲೆ ತುಟಿ ಮಾತ್ರ ಅಲುಗಿಸಿ, "ಈಗ ಕೆಮ್ಮಬಹುದಾ ಸರ್?" ಎಂದು ಕೇಳಿದರು.

ಅಂದಿನಿಂದ ಆ ಕುರ್ಚಿ ಅವರದಾಯಿತು, ಕುರ್ಚಿಯ ಹೆಸರು ಅವರಿಗೆ ಬಂತು. ಮೂಗಿನ ಮೇಲೆ ನೊಣ ಕೂತರೂ ಮಿಸುಕುತ್ತಿರಲಿಲ್ಲ. ಒಮ್ಮೆ ಆ ನೊಣವನ್ನು ಮಚ್ಚೆ ಎಂದುಕೊಂಡು ನಾನು ಬರೆದೂಬಿಟ್ಟಿದ್ದೆ. "ಅಷ್ಟು ಹೊತ್ತು ಹೇಗಕ್ಕ ಕೂರ್ತೀರಾ?" ಎಂದು ಕೇಳಿದರೆ ನಗುತ್ತಿದ್ದರು. "ವಾರವೆಲ್ಲ ತಲೆ ಬಗ್ಗಿಸ್ಕೊಂಡು ಕೂರ್ತೀನಲ್ಲ ಸರ್. ಒಂದು ದಿನ ತಲೆ ಎತ್ಕೊಂಡು ಕೂರೋದು ಕಷ್ಟವಾ?"

ಪ್ರದರ್ಶನಕ್ಕೆ ಎಲ್ಲರಿಗಿಂತ ಮೊದಲು ಬರುತ್ತಿದ್ದವರೂ ಅವರೇ. ತಮ್ಮ ಒಂದೊಂದು ಚಿತ್ರದ ಮುಂದೆಯೂ ನಿಂತು, ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡುತ್ತಿದ್ದರು. ಹಲ್ಲಿನ ಡಾಕ್ಟರು ಬರೆದ ಭಾವಚಿತ್ರಗಳಲ್ಲಿ ಎಲ್ಲರೂ ಬಾಯಿ ತೆರೆದೇ ಇರುತ್ತಾರೆ. ಅಕ್ಕ ಅದನ್ನು ನೋಡಿ, "ಹಲ್ಲು ಚೆನ್ನಾಗಿದೆ ಡಾಕ್ಟ್ರೇ. ನಂದಲ್ಲ, ಆದರೂ ಚೆನ್ನಾಗಿದೆ" ಎನ್ನುತ್ತಿದ್ದರು. ನನ್ನ ಚಿತ್ರದ ಮುಂದೆ ನಿಂತು ಒಂದು ವರ್ಷ, "ಇದು ನಮ್ಮ ಭಾವನ ಹಾಗಿದೆ ಸರ್" ಎಂದರು. ಮರುವರ್ಷ, "ಈ ಸಲ ಭಾವ ಸ್ವಲ್ಪ ಇಳಿದುಹೋಗಿದಾರೆ" ಎಂದರು. ಕುರ್ಚಿಯನ್ನು ಮಾತ್ರ ತಪ್ಪದೆ ಹೊಗಳುತ್ತಿದ್ದರು. "ನಿಮ್ಮಷ್ಟು ಚೆನ್ನಾಗಿ ಕುರ್ಚಿ ಬರೆಯೋರು ಇಲ್ಲಿ ಯಾರೂ ಇಲ್ಲ. ಕೂತ್ಕೋಬೇಕು ಅನ್ಸುತ್ತೆ." ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಅವರ ಮುಖ ಸಣ್ಣದಾಗುತ್ತಿತ್ತು. ಏನನ್ನೋ ಕಳೆದುಕೊಂಡವರ ಹಾಗೆ ಹೊರಟುಹೋಗುತ್ತಿದ್ದರು. ನಮ್ಮ ಕಲೆ ನೋಡಿದ ಎಲ್ಲರಿಗೂ ಹಾಗಾಗುವುದು ಸಹಜವೆಂದು ನಾವು ವಿಚಾರಿಸಲು ಹೋಗಿರಲಿಲ್ಲ.

ಅದರ ಕಾರಣ ನನಗೆ ತಿಳಿದದ್ದು ಪ್ಯಾಂಟಿನ ದೆಸೆಯಿಂದ. ನನ್ನ ಪ್ಯಾಂಟುಗಳ ಸೊಂಟ ಬಿಡಿಸುವ ಕೆಲಸ ಅಕ್ಕನಿಗೆ ಕಾಯಂ. ಒಂದು ಸಂಜೆ ಹೋದಾಗ ಯಂತ್ರದ ಮೇಲ್ಗಡೆ ಮೊಳೆಗೆ ನೇತುಹಾಕಿದ್ದ ಹಳೆಯ ಫೋಟೊ ಕಣ್ಣಿಗೆ ಬಿತ್ತು. ಒಬ್ಬ ಗಂಡಸು, ಎರಡು ಜಡೆಯ ಇಬ್ಬರು ಹುಡುಗಿಯರು, ಅವರ ನಡುವೆ ಒಂದು ಖಾಲಿ ಕುರ್ಚಿ.

"ಕುರ್ಚಿ ಯಾಕೆ ಖಾಲಿ ಇದೆ ಅಕ್ಕ?"

"ಅದು ಅಮ್ಮಂದು" ಎಂದರು ಅಕ್ಕ, ಹೊಲಿಗೆ ಬಿಚ್ಚುತ್ತಲೇ. "ಫೋಟೊ ತೆಗೆಯೋರು ಮನೆಗೇ ಬಂದಿದ್ರು. ಎಲ್ಲ ರೆಡಿ. ಅಮ್ಮನೂ ಕೂತಿದ್ಲು. ಅಷ್ಟರಲ್ಲಿ ಹಾಲು ಉಕ್ಕೋ ವಾಸನೆ ಬಂತು ಅಂತ ಎದ್ದು ಓಡಿದ್ಲು. ಅವರು ಒತ್ತಿಬಿಟ್ರು. ಇರೋದು ಇದೊಂದೇ. ಆಮೇಲೆ ಯಾರು ಫೋಟೊ ಅಂದ್ರೂ, ನನ್ನ ಮುಖದಲ್ಲೇನಿದೆ ಅಂತ ಒಳಗೆ ಹೋಗ್ಬಿಡೋಳು. ಹಾಲಿಗಿದ್ದ ಮರ್ಯಾದೆ ನಮಗೆ ಇರಲಿಲ್ಲ ನೋಡಿ."

ಇಬ್ಬರೂ ನಕ್ಕೆವು. ಆಮೇಲೆ ಅಕ್ಕ ತಲೆಯೆತ್ತದೆ ಹೇಳಿದರು: "ಈಚೆಗೆ ಅಮ್ಮನ ಮುಖ ನೆನಪಿಗೆ ಬರ್ತಿಲ್ಲ ಸರ್. ದನಿ ಬರುತ್ತೆ, ಕೈ ಬರುತ್ತೆ, ಮುಖ ಬರಲ್ಲ. ಚಿಕ್ಕಂದಿನಲ್ಲಿ ಎಲ್ಲರೂ ನಂದು ಅಮ್ಮನ ಮುಖ ಅಂತಿದ್ರು. ಕನ್ನಡಿ ನೋಡಿದ್ರೆ ನಾನೇ ಕಾಣ್ತೀನಿ, ಅಮ್ಮ ಕಾಣಲ್ಲ. ಇಷ್ಟು ಜನ ನನ್ನ ಮುಖ ಬರೀತಾರಲ್ಲ, ಯಾರ ಕೈಯಲ್ಲಾದರೂ ತಪ್ಪಿ ಅಮ್ಮ ಬಂದುಬಿಡ್ತಾಳೇನೋ ಅಂತ ಬಂದು ಕೂರ್ತೀನಿ. ಅಮ್ಮ ಹೋದಾಗ ಅವಳಿಗೆ ಐವತ್ತೆರಡು. ಈ ವರ್ಷ ನನಗೂ ಅಷ್ಟೇ. ಬರೋದಿದ್ರೆ ಈ ಸಲ ಬರಬೇಕು. ಮುಂದಿನ ವರ್ಷದಿಂದ ನಾನು ಅವಳಿಗಿಂತ ದೊಡ್ಡವಳಾಗ್ಬಿಡ್ತೀನಿ."

ಇಷ್ಟು ವರ್ಷ ಅವರಿಗೆ ಅವರ ಭಾವನನ್ನು ತೋರಿಸುತ್ತ ಬಂದವನು ನಾನು. "ಈ ಸಲ ಚೆನ್ನಾಗಿ ಬರೀತೀನಿ ಅಕ್ಕ" ಎಂದೆ. ಅಕ್ಕ ನನ್ನನ್ನು ಕರುಣೆಯಿಂದ ನೋಡಿ, "ನೀವು ಕುರ್ಚಿ ಬರೀರಿ ಸಾಕು" ಎಂದರು.

ನಮ್ಮ ಮೇಷ್ಟ್ರ ಪಾಠದ ಕ್ರಮವನ್ನು ಇಲ್ಲಿ ಹೇಳಬೇಕು. ಮೊದಲ ಭಾನುವಾರ ಅವರೇ ಮೊಣಕಾಲೂರಿ ಕುರ್ಚಿಯ ಕಾಲುಗಳ ಸುತ್ತ, ಅಕ್ಕನ ಚಪ್ಪಲಿಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಪ್ರತಿ ವಾರ ಅದೇ ಗೆರೆಯೊಳಗೆ ಅದೇ ಕುರ್ಚಿ, ಅದೇ ಕಾಲು, ಅದೇ ನೀಲಿ ಶಾಲು. ಕಣ್ಣು ಬಾಗಿಲ ಮೇಲಿನ ಗಡಿಯಾರದ ಕಡೆಗೆ. ಆಮೇಲೆ ನಮ್ಮ ಕಡೆ ತಿರುಗಿ ಉಪದೇಶ. "ಎದುರಿಗೆ ಮನುಷ್ಯರು ಕೂತಿದಾರೆ ಅನ್ನೋದನ್ನೇ ಮರೆತುಬಿಡಿ. ಮೂಗು ಇಲ್ಲ, ಬಾಯಿ ಇಲ್ಲ. ಬೆಳಕು ಇದೆ, ನೆರಳು ಇದೆ. ಅಷ್ಟು ನೋಡಿದ್ರೆ ಮನುಷ್ಯರು ತಾವಾಗಿ ಬರ್ತಾರೆ." ನಾವು ಈ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೆವು. ಮನುಷ್ಯರು ಬರುತ್ತಿರಲಿಲ್ಲ, ಅಷ್ಟೇ.

ಆ ವರ್ಷ ಎರಡು ಭಾನುವಾರದಲ್ಲಿ ಮುಖ ಮುಗಿಯಿತೆಂದು ಮೇಷ್ಟ್ರು ಸಾರಿದರು. "ಇನ್ನು ಶಾಲು, ಕೈ, ಕುರ್ಚಿ. ಮುಖದ ಹತ್ತಿರ ಯಾರಾದರೂ ಕುಂಚ ಒಯ್ದರೆ ಕೈ ಮುರೀತೀನಿ." ನನ್ನ ಕ್ಯಾನ್‌ವಾಸಿನಲ್ಲಿ ಅಷ್ಟರಲ್ಲಿ ಹಣೆ, ಹುಬ್ಬು, ಕಣ್ಣುಗಳು ಒಂದು ಹದಕ್ಕೆ ಬಂದಿದ್ದವು. ಮೂಗಿನಿಂದ ಕೆಳಗೆ ಮಂಜು ಕವಿದಿತ್ತು.

ಅದೇ ವಾರ ಅಕ್ಕ ತಮ್ಮ ಮನೆಯ ಮೆಟ್ಟಿಲಿಂದ ಜಾರಿಬಿದ್ದು ಕಾಲಿನ ಗೆಣ್ಣು ಮುರಿದುಕೊಂಡರು. ಪ್ಲಾಸ್ಟರ್ ಹಾಕಿ ಮಲಗಿಸಿದರು. ನಮಗೆ ಇದು ಗೊತ್ತಾಗಲಿಲ್ಲ. ಗೊತ್ತಾಗದಂತೆ ನೋಡಿಕೊಂಡವರು ಅಕ್ಕನೇ. ಮಾಡೆಲ್ ಬರಲಿಲ್ಲ ಎಂದರೆ ಮೇಷ್ಟ್ರು ಅರ್ಧ ಬರೆದ ಚಿತ್ರಗಳನ್ನೆಲ್ಲ ಅಳಿಸಿಸಿ, ಹೂದಾನಿ ಇಡುತ್ತಾರೆಂದು ಅವರಿಗೆ ಗೊತ್ತಿತ್ತು. ಹಾಗಾದರೆ ಆ ವರ್ಷದ ಮುಖ ಹೋದಂತೆಯೇ. ಮತ್ತೆ ಆ ವಯಸ್ಸು ಬರುವುದಿಲ್ಲ. ಮುಖ ಹೇಗೂ ಮುಗಿದಿದೆ, ಉಳಿದಿರುವುದು ಶಾಲು ಮತ್ತು ಕೈ. ಶಾಲು ಯಾರು ಹೊದ್ದರೂ ಶಾಲೇ ತಾನೆ? ಅಕ್ಕ ತಂಗಿಯನ್ನು ಕರೆಸಿದರು.

ತಂಗಿ ಎರಡು ವರ್ಷ ಚಿಕ್ಕವರು, ಮೈಕಟ್ಟು ಒಂದೇ. ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ. ಇಡೀ ದಿನ ಕೂಗಿ ಕೂಗಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. ಆ ದಿನದ ಮಾತುಕತೆಯನ್ನು ಆಮೇಲೆ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡನ್ನೂ ಸೇರಿಸಿದರೆ ಹೀಗಾಗುತ್ತದೆ:

"ನಾನಾ? ಗೊಂಬೆ ಹಾಗೆ ಕೂರೋದಾ? ನನ್ನಿಂದ ಆಗಲ್ಲಪ್ಪ."

"ಗೆರೆ ಒಳಗೆ ಕಾಲಿಡು. ಗಡಿಯಾರ ನೋಡು. ಬಾಯಿ ಮಾತ್ರ ತೆಗೀಬೇಡ."

"ಅವರಿಗೇನು ಕಣ್ಣಿಲ್ವಾ? ಗೊತ್ತಾಗಲ್ವಾ?"

"ಇಷ್ಟು ವರ್ಷದಿಂದ ನೋಡ್ತಿದೀನಿ. ಗೊತ್ತಾಗಲ್ಲ."

"ಅಲ್ಲ, ಅಮ್ಮನ ಮುಖಕ್ಕೆ ಅಂತ ನೀನು ಕೂತಿದ್ದೇ ತಪ್ಪು. ಅಮ್ಮನ ಮುಖ ಬಂದಿರೋದು ನಂಗೆ."

"ನಿಂಗೆ ಬಂದಿರೋದು ಅಮ್ಮನ ಕೋಪ. ಸುಮ್ನೆ ಶಾಲು ತಗೊಂಡು ಹೋಗೇ."

ಮೂರನೆಯ ಭಾನುವಾರ ನೀಲಿ ಶಾಲು ಬಂತು, ಗೆರೆಯೊಳಗೆ ಕಾಲಿಟ್ಟಿತು, ಗಡಿಯಾರ ನೋಡಿತು. ಅಕ್ಕನ ಒಂದು ಲೆಕ್ಕ ಹುಸಿಯಾಗಲಿಲ್ಲ: ಒಬ್ಬರಿಗೂ ಗೊತ್ತಾಗಲಿಲ್ಲ. ಹುಸಿಯಾದದ್ದು ಇನ್ನೊಂದು. ಮುಗಿದ ಮುಖವನ್ನು ಮುಗಿಯಿತೆಂದು ಬಿಟ್ಟುಬಿಡುವ ಬುದ್ಧಿ ಇದ್ದಿದ್ದರೆ ನಾವು ಹವ್ಯಾಸಿಗಳಾಗಿ ಯಾಕೆ ಉಳಿಯುತ್ತಿದ್ದೆವು? ಮೇಷ್ಟ್ರು ಬೆನ್ನು ತಿರುಗಿಸಿದ್ದೇ ತಡ, ಎಲ್ಲರ ಕುಂಚವೂ ಮುಖದ ಕಡೆಗೆ. ನೋಡಿದರೆ ಯಾವುದೂ ಹೊಂದುತ್ತಿಲ್ಲ! ಗಲ್ಲ ಅಷ್ಟು ಚೂಪಾಗಿ ಯಾಕೆ ಬರೆದೆ? ತುಟಿ ಇಷ್ಟು ತುಂಬಿಕೊಂಡಿದೆಯಲ್ಲ, ಕಳೆದ ವಾರ ನನಗೆ ಮಂಕು ಬಡಿದಿತ್ತೇ? ಪ್ರತಿಯೊಬ್ಬರೂ ತಮ್ಮ ಕೈಯನ್ನೇ ಶಪಿಸಿಕೊಂಡು, ಕಳ್ಳತನದಿಂದ ತಿದ್ದತೊಡಗಿದರು. ಎದುರಿಗಿರುವವರು ಬೇರೆ ಎಂಬ ಅನುಮಾನ ಯಾರಿಗೂ ಸುಳಿಯಲಿಲ್ಲ. ನಮ್ಮ ಕೈಯ ಮೇಲೆ ನಮಗಿದ್ದ ಅಪನಂಬಿಕೆ ಅಷ್ಟು ಗಟ್ಟಿ.

ವಿರಾಮದಲ್ಲಿ ಹಲ್ಲಿನ ಡಾಕ್ಟರು, "ಯಾಕಕ್ಕ ಇವತ್ತು ಮಾತೇ ಇಲ್ಲ?" ಎಂದರು. ತಂಗಿ ಗಂಟಲು ಮುಟ್ಟಿ ತೋರಿಸಿ ಕೈ ಆಡಿಸಿದರು. "ಅಯ್ಯೋ, ಎಲ್ಲಿ, ಬಾಯಿ ತೆಗೀರಿ ನೋಡೋಣ" ಎಂದು ಡಾಕ್ಟರು ಮುಂದೆ ಬಂದರು. ತಂಗಿ ಶಾಲು ಸುತ್ತಿಕೊಂಡು ಕೆಳಗೆ ಓಡಿದವರು ವಿರಾಮ ಮುಗಿದ ಮೇಲೆಯೇ ಹತ್ತಿ ಬಂದದ್ದು. ಅವರ ಮುಖಕ್ಕೆ ಸುಮ್ಮನಿರುವುದು ಅಭ್ಯಾಸವಿರಲಿಲ್ಲ. ಮೈ ಕದಲದಿದ್ದರೂ ತುಟಿ ಏನೋ ಹೇಳಲು ಹೊರಟು, ತಡೆದುಕೊಂಡು ನಿಂತ ಹಾಗಿರುತ್ತಿತ್ತು. ನನ್ನ ಮಂಜು ಕವಿದ ಜಾಗಕ್ಕೆ ಆ ತುಟಿ ಬಹಳ ಹಿಡಿಸಿತು. ಉಳಿದ ವಾರಗಳಲ್ಲಿ ಅದನ್ನೂ, ಆ ಗಲ್ಲವನ್ನೂ ಹಾಗೇ ಇಳಿಸಲು ನೋಡಿದೆ. ಕುರ್ಚಿಯನ್ನಂತೂ ಎಂದಿನಂತೆ ಮುತುವರ್ಜಿಯಿಂದ ಬರೆದೆ.

ಪ್ರದರ್ಶನ ನಡೆಯುವುದು ಪುರಭವನದ ಉದ್ದ ಪಡಸಾಲೆಯಲ್ಲಿ. ಮೇಷ್ಟ್ರ ಚಿತ್ರಕ್ಕೆ ಬಾಗಿಲೆದುರಿನ ಜಾಗ. ನನ್ನದು ಕೊನೆಯಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ. ಕೈ ತೊಳೆಯಲು ಹೋಗುವವರಿಗೆ ಕಾಣುತ್ತದೆ. ಬೆಳಿಗ್ಗೆ ನಾವು ಮೊಳೆ ಹೊಡೆದು ಮುಗಿಸುವಷ್ಟರಲ್ಲಿ ಕುರ್ಚಿಯಕ್ಕ ಬಂದರು. ಒಂದು ಕೈಯಲ್ಲಿ ಊರುಗೋಲು. ಇನ್ನೊಂದು ಕೈ ಹಿಡಿದುಕೊಂಡು ಇನ್ನೊಬ್ಬ ಕುರ್ಚಿಯಕ್ಕ.

ಅಕ್ಕ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. "ನಿಮ್ಮ ಪ್ರದರ್ಶನ ನಿಲ್ಲಬಾರದು ಅಂತ ಮಾಡಿದೆ ಮೇಷ್ಟ್ರೇ. ನನ್ನ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳ್ಲಿ. ತಪ್ಪಾಯ್ತು."

ಹಲ್ಲಿನ ಡಾಕ್ಟರು ಮೊದಲು ಚೇತರಿಸಿಕೊಂಡರು. "ನಾನು ಆವತ್ತೇ ಹೇಳಿದ್ದೆ, ದವಡೆ ಬೇರೆ ಅಂತ."

"ಯಾರಿಗೆ ಹೇಳಿದ್ರಿ?" ಎಂದೆ.

"ಮನಸ್ಸಲ್ಲೇ ಹೇಳ್ಕೊಂಡೆ."

ಮೇಷ್ಟ್ರು ಸಿಕ್ಕಿದ ಸ್ಟೂಲಿನ ಮೇಲೆ ಕುಸಿದು ಕೂತರು. ಬೈಯುತ್ತಾರೆಂದು ಎಲ್ಲರೂ ಕಾದೆವು. ಅವರು ಗೋಡೆಯುದ್ದಕ್ಕೂ ಒಮ್ಮೆ ಕಣ್ಣಾಡಿಸಿ ಗಟ್ಟಿಯಾಗಿ ನಕ್ಕುಬಿಟ್ಟರು. "ಎದುರಿಗಿರೋ ಮನುಷ್ಯರನ್ನ ಮರೆತುಬಿಡಿ ಅಂತ ಇಷ್ಟು ವರ್ಷ ನಾನೇ ಬಡ್ಕೊಂಡೆ. ಇಷ್ಟು ಚೆನ್ನಾಗಿ ಮರೀತೀರಿ ಅಂತ ಗೊತ್ತಿರಲಿಲ್ಲ. ತಪ್ಪು ನಿಮ್ಮದಲ್ಲಮ್ಮ. ನೋಡ್ಕೊಂಡು ಬನ್ನಿ, ಹೋಗಿ."

ಅಕ್ಕ ತಂಗಿ ಗೋಡೆಯ ಪಕ್ಕ ನಿಧಾನವಾಗಿ ನಡೆದರು. ಮೇಷ್ಟ್ರದು ಅಕ್ಕನ ಮುಖವೇ. ಅವರೊಬ್ಬರೇ ತಮ್ಮ ಮಾತಿನಂತೆ ಮುಖ ಮುಟ್ಟಿರಲಿಲ್ಲ. ಅಕ್ಕ ಕನ್ನಡಕ ಹಾಕಿ ನೋಡಿ, ತೆಗೆದು ನೋಡಿ, "ನಾನೇ" ಎಂದರು, ಅಷ್ಟೇ. ಡಾಕ್ಟರ ಚಿತ್ರದಲ್ಲಿ ಇಬ್ಬರ ಹಲ್ಲೂ ಇದ್ದ ಹಾಗಿತ್ತು. ತಂಗಿ ಒಂದೊಂದಕ್ಕೂ ಬಸ್ಸಿನ ದನಿಯಲ್ಲಿ ಟೀಕೆ ಹಾಕುತ್ತ ಬಂದರು. "ಇದೇನೇ, ನಿನ್ನ ಮೂಗು, ನನ್ನ ಕಿವಿ, ಮಿಕ್ಕಿದ್ದು ಯಾರದ್ದು?" ಅಕ್ಕ ನಗಲಿಲ್ಲ. ಗೋಡೆ ಮುಗಿಯುತ್ತ ಬಂದಂತೆ ಅವರ ಹೆಜ್ಜೆ ಭಾರವಾಗುತ್ತಿತ್ತು. ನಾನು ಸಿಲಿಂಡರಿನ ಮರೆಗೆ ಸರಿದೆ. ಈ ಸಲವೂ ಭಾವನನ್ನು ನೋಡುವಾಗ ಅವರ ಮುಖ ನನಗೆ ಕಾಣಿಸಬಾರದಿತ್ತು.

ತಂಗಿಯ ಮಾತು ನಿಂತಿತು. ಇಣುಕಿ ನೋಡಿದೆ. ಅಕ್ಕ ಕನ್ನಡಕ ತೆಗೆದು ಒರೆಸುತ್ತಿದ್ದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

"ಅಕ್ಕಾ..." ಎಂದರು ತಂಗಿ. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಾದದ್ದು ಆಗ.

"ಸುಮ್ನಿರು. ನೋಡ್ತಿದೀನಿ."

"ಹಾಗೇ ಇದ್ದಾಳೆ. ಏನೋ ಹೇಳೋಕೆ ಹೊರಟಿದಾಳೆ ನೋಡು."

ಅಕ್ಕ ಮುಂದೆ ಬಂದು ಚಿತ್ರದಲ್ಲಿದ್ದ ಕುರ್ಚಿಯ ಕೈಯನ್ನು ಬೆರಳ ತುದಿಯಿಂದ ಮುಟ್ಟಿದರು. "ಹಾಲು ಇಳಿಸಿ ಬಂದು ಕೂತ್ಲು ಕಣೇ" ಎಂದರು. "ಕೊನೆಗೂ ಕೂತ್ಲು."

ಕಣ್ಣು, ಹಣೆ ಅಕ್ಕನದು. ಬಾಯಿ, ಗಲ್ಲ ತಂಗಿಯದು. ಅಮ್ಮನ ಮುಖವನ್ನು ಇಬ್ಬರೂ ಪಾಲು ಮಾಡಿಕೊಂಡು, ಇಡೀ ಮುಖ ತನ್ನದೇ ಎಂದು ಇಷ್ಟು ವರ್ಷ ಜಗಳವಾಡಿದ್ದರು. ಎರಡು ಪಾಲನ್ನೂ ಒಂದೆಡೆ ಸೇರಿಸಲು, ಎದುರಿಗೆ ಯಾರು ಕೂತಿದ್ದಾರೆಂದೂ ತಿಳಿಯದ ಒಬ್ಬ ಬೇಕಿತ್ತು. ಆ ಮಟ್ಟಿಗೆ ನಾನು ಯೋಗ್ಯನೇ ಸರಿ.

ಮೇಷ್ಟ್ರು ಬಂದು ನಿಂತರು. ಅವರು ನನ್ನ ಚಿತ್ರದ ಮುಂದೆ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. "ನೆರಳೆಲ್ಲ ತಪ್ಪು" ಎಂದರು. ಸ್ವಲ್ಪ ತಡೆದು, "ತಿದ್ದಬೇಡಿ" ಎಂದರು.

"ಇದನ್ನ ನಮಗೆ ಕೊಡ್ತೀರಾ ಸರ್?" ಎಂದು ಅಕ್ಕ ಕೇಳಿದರು. ನನ್ನ ಚಿತ್ರ ಬೇಕು ಎಂದು ಕೇಳಿದವರು ಲೋಕದಲ್ಲಿ ಅವರೊಬ್ಬರೇ. ಮೊಳೆ ಹೊಡೆಯಲು ನೆರವಿಗೆ ಬಂದಿದ್ದ ನನ್ನ ಹೆಂಡತಿ, "ಕೊಡ್ತಾರೆ, ಕೊಡ್ತಾರೆ, ಈಗಲೇ ಇಳಿಸಿಕೊಳ್ಳಿ" ಎಂದಳು. ಮನೆಯಲ್ಲಿ ಒಂದು ಜಾಗ ಖಾಲಿಯಾಯಿತೆಂಬ ಅವಸರ ಎಂದುಕೊಂಡು ತಿರುಗಿ ನೋಡಿದರೆ, ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನ ಚಿತ್ರ ನೋಡಿ ಅವಳು ಅತ್ತದ್ದು ಮೊದಲ ಸಲವೇನಲ್ಲ. ಆದರೆ ಈ ಅಳು ಬೇರೆ.

ಚಿತ್ರ ಯಾರ ಮನೆಯಲ್ಲಿರಬೇಕೆಂಬ ಜಗಳ ಅಲ್ಲೇ, ಸಿಲಿಂಡರಿನ ಮುಂದೆಯೇ ಶುರುವಾಯಿತು. "ಬಾಯಿ ನಂದು" ಎಂದರು ತಂಗಿ. "ಅದಕ್ಕೇ ಮನೇಲಿ ಇನ್ನೊಂದು ಬಾಯಿ ಬೇಡ" ಎಂದರು ಅಕ್ಕ. ಕೊನೆಗೆ ಮೆಟ್ಟಿಲ ಕೆಳಗಿನ ಅಂಗಡಿಯಲ್ಲೇ ಇಡುವುದೆಂದೂ, ತಂಗಿ ದಿನಾ ಕೆಲಸ ಮುಗಿಸಿ ಅಲ್ಲಿಗೇ ಬಂದು ಚಹಾ ಕುಡಿಯುವುದೆಂದೂ ತೀರ್ಮಾನವಾಯಿತು.

ಈಗ ವೇದಿಕೆಯ ಮೇಲೆ ಎರಡು ಕುರ್ಚಿ ಹಾಕುತ್ತೇವೆ. ಸೀಮೆಸುಣ್ಣದ ಗೆರೆಯೂ ಎರಡು ಜೊತೆ. ತಂಗಿಗೆ ಮಾತಾಡಲು ಮೇಷ್ಟ್ರು ಅನುಮತಿ ಕೊಟ್ಟಿದ್ದಾರೆ, ಕೊಡದೆ ವಿಧಿಯಿರಲಿಲ್ಲ. ಚಿತ್ರಕ್ಕೆ ಕುಂಚ ಇಡುವ ಮೊದಲು ನಾವು ಈಗ, "ಇವರು ಅಕ್ಕ, ಅವರು ತಂಗಿ" ಎಂದು ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳುತ್ತೇವೆ.

ಮೊನ್ನೆ ಮತ್ತೊಂದು ಪ್ಯಾಂಟು ತೆಗೆದುಕೊಂಡು ಹೋಗಿದ್ದೆ. ಯಂತ್ರದ ಮೇಲ್ಗಡೆ ನನ್ನ ಚಿತ್ರ, ಅದರ ಕೆಳಗೆ ಖಾಲಿ ಕುರ್ಚಿಯ ಆ ಹಳೆಯ ಫೋಟೊ. ಇಸ್ತ್ರಿಯ ಬಿಸಿ ತಾಗದಿರಲೆಂದು ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಆಚೆ ಮೂಲೆಗೆ ಸಾಗಿಸಿದ್ದರು. ಬಗ್ಗಿ ಕೂತು ನನ್ನ ಸೊಂಟದ ಅಳತೆ ತೆಗೆಯುತ್ತ, "ಹೊಟ್ಟೆ ಒಳಗೆಳ್ಕೋಬೇಡಿ ಸರ್, ಅಮ್ಮ ನೋಡ್ತಿದಾಳೆ" ಎಂದರು. ಆಮೇಲೆ ಎದ್ದು ಚೌಕಟ್ಟಿನ ಮೇಲಿದ್ದ ನೂಲಿನ ಎಳೆಯೊಂದನ್ನು ತೆಗೆದರು. "ಹೋದ ತಿಂಗಳಿಂದ ನಾನು ಇವಳಿಗಿಂತ ದೊಡ್ಡವಳು. ಇನ್ನು ಇವಳನ್ನ ನಾನೇ ನೋಡ್ಕೋಬೇಕು."

ಸೊಂಟ ಬಿಡಿಸಿದ ಪ್ಯಾಂಟು ಹಿಡಿದು ಹೊರಡುವಾಗ, "ತುಂಬ ಥ್ಯಾಂಕ್ಸ್ ಅಕ್ಕ" ಎಂದೆ.

"ಇರಲಿ ಬಿಡಿ ಸರ್. ಎರಡು ಇಂಚು ಬಿಡ್ಸಿದೀನಿ. ಮುಂದಿನ ವರ್ಷ ಮತ್ತೆ ಬನ್ನಿ" ಎಂದರು ಅಕ್ಕ. ನನ್ನ ಥ್ಯಾಂಕ್ಸ್ ಪ್ಯಾಂಟಿಗೆ ಎಂದು ಅವರು ಅಂದುಕೊಂಡಿದ್ದರು.